ಗೆಳೆಯನಿಗೊಂದು ಪತ್ರ: ದೋಣಿಯ ಸೋರಿಕೆ ತಾನಾಗಿ ನಿಲ್ಲುವುದಿಲ್ಲ

ಪ್ರೀತಿಯ ಗೆಳೆಯಾ,

ಒಂದು ತಾಸು ಹಾಯಿ ಬಿಚ್ಚಿ ತಿರುಗಿ ಬಂದರೆ ದೋಣಿಯಲ್ಲಿ ಎರಡು ಲೀಟರ್ ನೀರು ನಿಂತಿರುತ್ತದೆ, ಅಳಿವೆಯ ಹತ್ತಿರದವರು "ಎರಡು ದಿನ ನೀರಲ್ಲೇ ಬಿಡಿ, ಸೋರುವುದು ನಿಲ್ಲುತ್ತದೆ" ಅಂದರು ಎಂದು ಬರೆದಿದ್ದೀಯ. ದಯವಿಟ್ಟು ಹಾಗೆ ಬಿಡಬೇಡ. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಹಲಗೆ ಜೋಡಿಸಿದ ದೋಣಿಗೆ ಸಲ್ಲುವ ಮಾತು. ಹಲಗೆ ನೀರು ಕುಡಿದು ಅಡ್ಡಕ್ಕೆ ಉಬ್ಬುತ್ತದೆ, ಸಂದಿಗೆ ತುರುಕಿದ ಹತ್ತಿಯನ್ನು ಬಿಗಿಯಾಗಿ ಒತ್ತುತ್ತದೆ. ನಿನ್ನದು ಪ್ಲೈವುಡ್ ದೋಣಿ. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುತ್ತವೆ. ಅದು ಹಾಗೆ ಉಬ್ಬಿ ಸಂದಿ ಮುಚ್ಚುವುದಿಲ್ಲ. ನೀರು ಅಂಚಿನಿಂದ ಪದರಗಳ ನಡುವೆ ನುಗ್ಗಿ ಒಳಗೊಳಗೇ ಕೊಳೆಸುತ್ತದೆ.

ನೀನು ಕಟ್ಟಿರುವುದು ಮಿರರ್ ಡಿಂಗಿ ಎಂಬ ಸಣ್ಣ ಹಾಯಿದೋಣಿಯ ಬಗೆಯದು. 1962ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್‌ನೆಲ್ ಮನೆಯಲ್ಲೇ ಕಟ್ಟಿಕೊಳ್ಳಲೆಂದು ರೂಪಿಸಿದ್ದು. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗಾಜಿನಾರಿನ (ಫೈಬರ್‌ಗ್ಲಾಸ್) ಪಟ್ಟಿಯನ್ನು ರೆಸಿನ್ ಎಂಬ ಗಟ್ಟಿಯಾಗುವ ದ್ರವದಲ್ಲಿ ಅಂಟಿಸುವ ಕ್ರಮ. ಒಳಗೆ ಚೌಕಟ್ಟು ಕಡಿಮೆ, ಬಲವೆಲ್ಲ ಆ ಪಟ್ಟಿಯದೇ. ಹಾಗಾಗಿ ಸಣ್ಣ ಸೋರಿಕೆ ಅಂದರೆ ಎಲ್ಲೋ ಒಂದು ಕಡೆ ಪಟ್ಟಿ ಬಿಟ್ಟುಕೊಂಡಿದೆ ಎಂದೇ ತಿಳಿ.

ಮೊದಲು ಜಾಗ ಹುಡುಕು. ನೀರು ನಿಂತ ಕಡೆಯೇ ತೂತು ಇರುತ್ತದೆ ಅಂದುಕೊಳ್ಳಬೇಡ, ಅದು ತಗ್ಗಿಗೆ ಹರಿದು ಬಂದದ್ದು. ನನ್ನ ಮೊದಲ ಅನುಮಾನ ಡ್ಯಾಗರ್‌ಬೋರ್ಡಿನ (ತಳದ ಸೀಳಿನ ಮೂಲಕ ನೀರಿಗೆ ಇಳಿಸುವ ಹಲಗೆ) ಪೆಟ್ಟಿಗೆ ತಳಕ್ಕೆ ಕೂಡುವ ಮೂಲೆಯ ಮೇಲೆ. ಗಾಳಿಯ ಅಡ್ಡ ಒತ್ತಡವನ್ನು ಡ್ಯಾಗರ್‌ಬೋರ್ಡು ತಡೆಯುವಾಗ ಆ ಪೆಟ್ಟಿಗೆ ಎಡಕ್ಕೂ ಬಲಕ್ಕೂ ಮಿಸುಕುತ್ತದೆ. ದೋಣಿಯನ್ನು ಎರಡು ಸ್ಟ್ಯಾಂಡಿನ ಮೇಲಿಟ್ಟು, ತಳದ ಸೀಳಿಗೆ ರಬ್ಬರ್ ಹಾಳೆ ಒತ್ತಿ, ಕೆಳಗಿನಿಂದ ಮರದ ತುಂಡು ಆನಿಸಿ ಬಿಗಿ ಮಾಡು. ಒಳಗಿನ ಮೂಲೆಯುದ್ದಕ್ಕೂ ಒಣ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆ. ಈಗ ಪೆಟ್ಟಿಗೆಯ ಬಾಯಿಯವರೆಗೆ ನೀರು ತುಂಬಿ ಅರ್ಧ ತಾಸು ಕಾದು ನೋಡು. ಸೋರುವ ಕಡೆ ಬಿಳಿ ಗೆರೆಯಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆ ಮೂಡಿ, ನಿಧಾನವಾಗಿ ಅಗಲವಾಗುತ್ತದೆ. ಕೂಡಲೇ ಪೆನ್ಸಿಲ್ಲಿನಿಂದ ಗುರುತು ಹಾಕು, ಆಮೇಲೆ ಗೆರೆಯೆಲ್ಲ ತೇವವಾಗಿ ಏನೂ ಗೊತ್ತಾಗುವುದಿಲ್ಲ.

ಅಲ್ಲಿ ಸಿಗದಿದ್ದರೆ ದೋಣಿಯೊಳಗೇ ನೀರು ಹಾಕಿ ಹೊರಗಿನಿಂದ ನೋಡು. 5 ಸೆಂ.ಮೀ.ಗಿಂತ ಎತ್ತರ ಬೇಡ. ಅಷ್ಟಕ್ಕೇ ಚದರ ಮೀಟರಿಗೆ 50 ಕಿಲೋ ಭಾರ ಬೀಳುತ್ತದೆ. ದೋಣಿಯನ್ನು ತೇಲಿಸಿಡುವ ಮುಚ್ಚಿದ ಗಾಳಿಪೆಟ್ಟಿಗೆಗಳಿಗೆ ಸೋಪು ನೀರು ಬಳಿದು, ಕೊಳವೆ ಇಟ್ಟು ಬಾಯಿಂದ ಊದಿದರೆ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಮಾತ್ರ ಹಚ್ಚಬೇಡ, ಜೋಡಣೆಯೇ ಬಿರಿದೀತು.

ಜಾಗ ಸಿಕ್ಕಿದ ಮೇಲೆ ನಿಜವಾದ ಕೆಲಸ ಒಣಗಿಸುವುದು. ಮೊದಲು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆ, ಏಕೆಂದರೆ ಮರದಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಎಳೆಯುತ್ತದೆ. ಆಮೇಲೆ ಬಣ್ಣ, ಎದ್ದ ಪಟ್ಟಿ, ಸಡಿಲವಾದ ಹಳೆಯ ಅಂಟು ಎಲ್ಲವನ್ನೂ ಗುರುತಿನ ಎರಡೂ ಬದಿಗೆ 5 ಸೆಂ.ಮೀ.ನಷ್ಟು, ಒಳ್ಳೆಯ ಮರ ಕಾಣುವವರೆಗೆ ಕೆರೆ. ದಬ್ಬಳ ಚುಚ್ಚಿ ನೋಡು. ಸಲೀಸಾಗಿ ಇಳಿದರೆ ಆ ಭಾಗ ಕೊಳೆತಿದೆ, ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಗಟ್ಟಿಯಿದ್ದರೆ ಫ್ಯಾನ್ ಹಾಕಿ ಒಂದು ವಾರ ಒಣಗಲು ಬಿಡು. ಕೆರೆದ ಜಾಗಕ್ಕೆ ರಾತ್ರಿ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಬೆಳಗ್ಗೆ ಒಳಗೆ ಬೆವರು ಕಂಡರೆ ಇನ್ನೂ ಕಾಯಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಇನ್ನು ಎಪಾಕ್ಸಿ, ಅಂದರೆ ರೆಸಿನ್‌ಗೆ ಹಾರ್ಡನರ್ ಎಂಬ ಗಟ್ಟಿಗೊಳಿಸುವ ದ್ರವ ಬೆರೆಸಿ ಮಾಡುವ ಅಂಟು. ಅದನ್ನು ಸಂಜೆಯ ಹೊತ್ತಿಗೆ ಹಚ್ಚು. ಬೆಳಗ್ಗೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಅಂಟಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ ತಂಪಾಗುವಾಗ ಮರವೇ ಅಂಟನ್ನು ಒಳಗೆಳೆದುಕೊಳ್ಳುತ್ತದೆ. ಒಂದು ಸಲಕ್ಕೆ 60–80 ಗ್ರಾಂ ಸಾಕು, ಹೆಚ್ಚು ಕಲಸಿದರೆ ಲೋಟದಲ್ಲೇ ಬಿಸಿಯಾಗಿ ಹೊಗೆ ಬರುತ್ತದೆ. ತೂಕ ಮಾಡಿಯೇ ಬೆರೆಸು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಅಂಟು ಮೆತ್ತಗೇ ಉಳಿದುಬಿಡುತ್ತದೆ.

ಮೊದಲು ಏನೂ ಸೇರಿಸದ ಎಪಾಕ್ಸಿಯನ್ನು ಬ್ರಷ್ಷಿನಿಂದ ಬಳಿ. ಪ್ಲೈವುಡ್ಡಿನ ಕತ್ತರಿಸಿದ ಅಂಚು ಅದನ್ನು ಹೀರಿಕೊಳ್ಳುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಬಳಿ. ಕಟ್ಟುವಾಗ ಈ ಹೆಜ್ಜೆ ಬಿಟ್ಟಿದ್ದರೆ ಸೋರಿಕೆಗೆ ಅದೇ ಕಾರಣವಿದ್ದೀತು: ಅಂಚು ಅಂಟನ್ನೆಲ್ಲ ಕುಡಿದು ಸಂದಿ ಬರಿದಾಗಿರುತ್ತದೆ. ಆಮೇಲೆ ಎಪಾಕ್ಸಿಗೆ ನುಣ್ಣಗೆ ಜರಡಿ ಹಿಡಿದ ಒಣ ಮರದ ಹೊಟ್ಟು ಬೆರೆಸು. ಹದ ಹೋಳಿಗೆಯ ಹೂರಣದಂತಿರಲಿ, ಚಮಚ ಬೋರಲು ಹಾಕಿದರೂ ಬೀಳಬಾರದು. ಅದನ್ನು ಮೂಲೆಗೆ ತುಂಬಿ, ತುದಿ ದುಂಡಗೆ ಕತ್ತರಿಸಿದ ಹಳೆಯ ಎಟಿಎಂ ಕಾರ್ಡಿನಿಂದ ಒಂದೇ ಎಳೆತಕ್ಕೆ ಸವರು. ದುಂಡಿನ ತ್ರಿಜ್ಯ 12 ಮಿ.ಮೀ. ಇರಲಿ. ಅದು ಗಟ್ಟಿಯಾಗುವ ಮೊದಲೇ 50 ಮಿ.ಮೀ. ಅಗಲದ ನೇಯ್ದ ಗಾಜಿನಾರಿನ ಪಟ್ಟಿ, ಅದರ ಮೇಲೆ 75 ಮಿ.ಮೀ.ನದು ಹಾಕಿ, ಬಿಳುಪು ಹೋಗಿ ಮರ ಕಾಣುವವರೆಗೆ ಎಪಾಕ್ಸಿ ಕುಡಿಸು. ಬಿಳಿ ಉಳಿದ ಕಡೆ ಗಾಳಿ ಇದೆ ಎಂದರ್ಥ.

ಮರುದಿನ ಮೇಲ್ಮೈ ಮೇಣ ಸವರಿದ ಹಾಗೆ ಅಂಟಂಟಾಗಿರಬಹುದು. ಕರಾವಳಿಯ ತೇವದಲ್ಲಿ ಅದು ಸಹಜ. ಉಪ್ಪುಕಾಗದ ಹಾಕುವ ಮೊದಲು ಅದನ್ನು ನೀರು ಹಾಕಿ ನಾರಿನಿಂದ ಉಜ್ಜಿ ತೊಳೆ, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಚ್ಚಲೇಬೇಕು, ಬಿಸಿಲು ಎಪಾಕ್ಸಿಯನ್ನು ಹಾಳು ಮಾಡುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೋ, ಉಜ್ಜುವಾಗ ಮಾಸ್ಕ್ ಇರಲಿ. ಎಪಾಕ್ಸಿ ಒಮ್ಮೆ ಮೈಗೆ ಅಲರ್ಜಿಯಾದರೆ ಆಮೇಲೆ ಅದರ ಹತ್ತಿರ ಸುಳಿಯುವುದೂ ಕಷ್ಟ.

ಇನ್ನೆರಡು ಮಾತು. ಸಿಲಿಕೋನ್ ಹಚ್ಚಬೇಡ, ಅದು ತಾಗಿದ ಮರಕ್ಕೆ ಮತ್ತೆ ಎಪಾಕ್ಸಿಯಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಲಗೆಯ ದೋಣಿಗೆ ಬಹಳ ಒಳ್ಳೆಯದು, ಆದರೆ ಎಪಾಕ್ಸಿ ಹಾಕುವ ಜಾಗಕ್ಕೆ ಅದರ ಒಂದು ಹನಿಯೂ ಸೋಕಬಾರದು.

ಒಂದು ವಾರ ಬಿಟ್ಟು ಅದೇ ಸೀಮೆಸುಣ್ಣದ ಪರೀಕ್ಷೆ ಮತ್ತೆ ಮಾಡು. ಗೆರೆ ಬಿಳಿಯಾಗಿ ಉಳಿಯಿತೋ ಇಲ್ಲವೋ, ಬರೆದು ತಿಳಿಸು.

ಇಂತಿ,
ನಿನ್ನ ಗೆಳೆಯ