ಹಳೇ ಜೀಪಿನ ಹಿಂದಿನ ಪ್ಲೇಟ್ ಕೆಲಸದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ, ನಮಸ್ಕಾರ.

ಹಳೇ ಜೀಪುಗಳ ಹಿಂಭಾಗದ ಭಾರ ಹೊರುವುದು ಪ್ಲೇಟ್ ಸೆಟ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳು. ಹಿಂಭಾಗ ಎತ್ತರಿಸಲು ಉದ್ದ ಶ್ಯಾಕಲ್ (ಸೆಟ್ಟಿನ ಹಿಂದಿನ ತುದಿಯನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಸೇರಿಸುವ ಕೊಂಡಿ) ಹಾಕುವುದನ್ನೂ, ಇರುವ ಸೆಟ್ಟಿಗೆ ದಪ್ಪದೊಂದು ಪ್ಲೇಟ್ ಸೇರಿಸುವುದನ್ನೂ ಈ ತಿಂಗಳಿಂದ ನಿಲ್ಲಿಸಿದ್ದೇವೆ. ಬದಲಿಗೆ ಸೆಟ್ ಪೂರ್ತಿ ಬಿಚ್ಚಿ, ಕಂಪನಿ ಕೊಟ್ಟಿದ್ದ ಎತ್ತರಕ್ಕೇ ತಂದುಕೊಡುತ್ತೇವೆ. ಖರ್ಚು ಹೆಚ್ಚು, ಗಾಡಿ ಮೂರು ದಿನ ಇಲ್ಲೇ ನಿಲ್ಲಬೇಕು.

ನಿಲ್ಲಿಸಿದ್ದೇಕೆಂದರೆ, ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು. ಪ್ಲೇಟಿನ ಮುಂದಿನ ತುದಿ ಪಿನ್ನಿನಲ್ಲಿ ನಿಂತಿರುತ್ತದೆ, ಹಿಂದಿನದು ಮಾತ್ರ ಇಳಿಯುತ್ತದೆ. ವಿಲ್ಲೀಸ್ ಸಿಜೆ3ಬಿ ಮಾದರಿಯಲ್ಲಿ ಹಿಂದಿನ ಪ್ಲೇಟು ಕಣ್ಣಿಂದ ಕಣ್ಣಿಗೆ (ತುದಿಯ ತೂತಿಂದ ತೂತಿಗೆ) ಸುಮಾರು 42 ಇಂಚು. ಅಷ್ಟರಲ್ಲಿ ಎರಡಿಂಚು ಇಳಿದರೆ ಹೌಸಿಂಗ್ (ಹಿಂದಿನ ಚಕ್ರಗಳ ಆಕ್ಸಲ್ಲಿನ ಕವಚ) ಎರಡೂವರೆ ಡಿಗ್ರಿಗೂ ಮೀರಿ ತಿರುಗಿ, ಶಾಫ್ಟು ಬಂದು ಸೇರುವ ಪಿನಿಯನ್ ಮೂಗು ಮೇಲೆತ್ತುತ್ತದೆ. ಗೇರಿನ ಕಡೆಯಿಂದ ಹೌಸಿಂಗಿಗೆ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕ್ರಾಸ್‌ಗಳ (ಕೀಲುಗಳ) ಕೋನ ಸಮವಿಲ್ಲದಿದ್ದರೆ ಶಾಫ್ಟು ನಡುಗುತ್ತದೆ. ಮೊದಲು ಸೀಟಿನ ಕೆಳಗೆ ಗುಂಯ್ ಸದ್ದು, ಆಮೇಲೆ ಕ್ರಾಸಿನ ಬೇರಿಂಗ್ ಕಪ್‌ನ ಅಂಚಲ್ಲಿ ಕುಂಕುಮದಂಥ ತುಕ್ಕಿನ ಪುಡಿ. ಅದು ಕಂಡರೆ ಬೇರಿಂಗ್ ಒಣಗಿದೆ ಎಂದೇ ಅರ್ಥ.

ಹೆಚ್ಚುವರಿ ಪ್ಲೇಟಿನದು ಬೇರೆ ತಕರಾರು. ಪ್ಲೇಟಿನ ಬಿಗಿ ಅದರ ದಪ್ಪದ ಘನದಷ್ಟು ಏರುತ್ತದೆ: ಅಷ್ಟೇ ಉದ್ದ, ಅಗಲದ 8 ಎಂಎಂ ಪ್ಲೇಟು ಎರಡು 6 ಎಂಎಂ ಪ್ಲೇಟಿಗಿಂತಲೂ ಗಟ್ಟಿ. ಅಡಿಕೆ ಮೂಟೆ ಹೇರಿದಾಗ ಚೆನ್ನಾಗೇ ಇರುತ್ತದೆ. ಖಾಲಿ ಗಾಡಿ ಕೊಡಚಾದ್ರಿ ಏರಿನ ಕೊರಕಲಿಗೆ ಬಿದ್ದರೆ ಪ್ಲೇಟು ಬಾಗದೆ ಒಂದು ಚಕ್ರ ಗಾಳಿಯಲ್ಲಿ ಸುತ್ತುತ್ತದೆ, ಫೋರ್ ವೀಲ್ ಹಾಕಿದರೂ ಹಿಂದಿನಿಂದ ಎಳೆತ ಸಿಗುವುದಿಲ್ಲ. ಇನ್ನು ಗ್ಯಾಸ್ ಬೆಂಕಿ ತೋರಿಸಿ ಬಗ್ಗಿಸಿದ ಪ್ಲೇಟು: ಉಕ್ಕಿನ ಹದ ಹೋಗಿರುತ್ತದೆ, ಮತ್ತೆ ಕೂರುತ್ತದೆ ಇಲ್ಲವೇ ಸೀಳುತ್ತದೆ. ಅದನ್ನೂ ಮಾಡುವುದಿಲ್ಲ.

ಈಗ ಮಾಡುವ ಕೆಲಸ ಇಷ್ಟು. ಸಮತಟ್ಟು ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ ಹೌಸಿಂಗಿನಿಂದ ಚಾಸಿಗೆ ಎರಡೂ ಕಡೆ ಅಳತೆ. ವ್ಯತ್ಯಾಸ ಅರ್ಧ ಇಂಚು ದಾಟಿದರೆ ಎರಡೂ ಸೆಟ್ಟಿನ ಮೇನ್ ಪ್ಲೇಟು (ಕಣ್ಣಿರುವ ಪಟ್ಟಿ), ಎರಡನೇ ಪ್ಲೇಟು ಹೊಸದು; ಒಂದೇ ಕಡೆ ಬದಲಿಸಿದರೆ ಗಾಡಿ ವಾಲಿಯೇ ಇರುತ್ತದೆ. ಉಳಿದವನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ಸೀಳು ನೋಡಿ, ಗ್ರಾಫೈಟ್ ಗ್ರೀಸ್ ಸವರಿ ಜೋಡಿಸುತ್ತೇವೆ. ಪ್ಲೇಟುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟು, ಸೆಟ್ಟನ್ನು ಹೌಸಿಂಗಿಗೆ ಕಟ್ಟುವ ನಾಲ್ಕು ಯು ಬೋಲ್ಟು, ಕಣ್ಣಿನೊಳಗಿನ ಬುಷ್ಷು ಹೊಸವೇ. ಹಳೇ ಯು ಬೋಲ್ಟಿನ ತ್ರೆಡ್ಡು ಎಳೆದುಹೋಗಿರುತ್ತದೆ, ‘ಚೆನ್ನಾಗೇ ಇದೆಯಲ್ಲ’ ಎಂದು ದಯವಿಟ್ಟು ಒತ್ತಾಯಿಸಬೇಡಿ. ಗ್ರೀಸ್ ನಿಪ್ಪಲ್ ಇರುವ ಹಳೇ ಯು ಶ್ಯಾಕಲ್ ಕೆಲವಕ್ಕೆ ಉಲ್ಟಾ ತ್ರೆಡ್ಡು; ಗೊತ್ತಿಲ್ಲದೆ ಬೇರೆಡೆ ಬಿಚ್ಚಿಸಿದ್ದರೆ ಮೊದಲೇ ಹೇಳಿ.

ರಬ್ಬರ್ ಬುಷ್ಷಿರುವ ಬೋಲ್ಟುಗಳನ್ನು ಜಾಕ್ ಮೇಲಿರುವಾಗ ಬಿಗಿ ಮಾಡುವುದಿಲ್ಲ. ಭಾರ ಚಕ್ರದ ಮೇಲೆ ಬಿದ್ದ ಮೇಲೇ ಕೊನೆಯ ಬಿಗಿ, ಇಲ್ಲದಿದ್ದರೆ ಬುಷ್ಷು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ಪೂರ್ತಿ ಜೋತುಬಿಟ್ಟು ಬ್ರೇಕ್ ಹೋಸು, ಶಾಕ್ ಅಬ್ಸಾರ್ಬರ್ ಎಳೆದುಕೊಳ್ಳುತ್ತವೆಯೇ ಎಂದೂ ನೋಡುತ್ತೇವೆ.

ಹೌಸಿಂಗನ್ನು ಪ್ಲೇಟಿನ ಕೆಳಗೆ ಇಳಿಸಿ ನಾಲ್ಕೈದು ಇಂಚು ಎತ್ತಿಕೊಡಿ ಎಂದು ಕೇಳುವವರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಿಸಲು ಬಿಡುವುದಿಲ್ಲ. ಆ ಕೆಲಸ ತೆಗೆದುಕೊಳ್ಳುವುದಿಲ್ಲ.

100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಯು ಬೋಲ್ಟ್ ಬಿಗಿ ಮಾಡಿಸಲು ತಪ್ಪದೆ ಬನ್ನಿ, ಅದಕ್ಕೆ ದುಡ್ಡಿಲ್ಲ. ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ ಓರೆಯಾಗುವುದು ಬಹುಪಾಲು ಈ ಬಿಗಿ ತಪ್ಪಿದ್ದರಿಂದಲೇ. ಮಳೆಗಾಲಕ್ಕೆ ಮುಂಚೆ ಕೆಲಸ ಆಗಬೇಕೆಂದರೆ ಮೇ ಮೊದಲ ವಾರದೊಳಗೆ ತಿಳಿಸಿ. ಕೆಸರು ತೊಳೆದು, ಸಾಮಾನು ಇಳಿಸಿ ಗಾಡಿ ತನ್ನಿ. ಸಾಮಾನ್ಯವಾಗಿ ಎಷ್ಟು ಭಾರ ಹೇರುತ್ತೀರಿ ಎಂದು ಚೀಟಿಯಲ್ಲಿ ಬರೆದುಕೊಡಿ.

ಇಂತಿ,
ಗ್ಯಾರೇಜಿನವರು, ಶಿವಮೊಗ್ಗ