ಪುಸ್ತಕ ಮುಚ್ಚಿಸಿ ಬರೆಸಿ

ಮಾನ್ಯರೇ,

ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಈಗ ಸಂಜೆ ಹೊತ್ತು ನಮ್ಮ ಬೀದಿಯ ಏಳೆಂಟು ಎಸ್ಸೆಸ್ಸೆಲ್ಸಿ ಮಕ್ಕಳು ಮನೆ ಜಗುಲಿಗೆ ಓದಲು ಬರುತ್ತಾರೆ. ಹೋದ ವಾರ ಒಬ್ಬ ಹುಡುಗಿ ‘ಜೀವಕ್ರಿಯೆಗಳು’ ಪಾಠ ತೆರೆದಳು. ಪುಟದ ತುಂಬ ಹಳದಿ, ಗುಲಾಬಿ ಗೆರೆ. ಐದು ಸಲ ಓದಿದ್ದಾಳಂತೆ. ಪುಸ್ತಕ ಮುಚ್ಚಿಸಿ, ಹೃದಯದ ಚಿತ್ರ ಬರೆದು ಭಾಗ ಗುರುತಿಸಮ್ಮ ಎಂದೆ. ಹೃತ್ಕರ್ಣ, ಹೃತ್ಕುಕ್ಷಿ ಬಂದವು. ಮಹಾಪಧಮನಿ ಯಾವ ಕೋಣೆಯಿಂದ ಹೊರಡುತ್ತದೆ ಎನ್ನುವಲ್ಲಿ ಪೆನ್ಸಿಲ್ ನಿಂತುಹೋಯಿತು. ‘ಓದ್ವಾಗ ಎಲ್ಲಾ ಗೊತ್ತಾಗುತ್ತೆ ಮೇಡಂ, ಬರೆಯೋಕೆ ಕೂತ್ರೆ ಕೈ ಓಡಲ್ಲ’ ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಆ ಹುಡುಗಿ ದಡ್ಡಿಯಲ್ಲ. ಮತ್ತೆ ಮತ್ತೆ ಓದಿದರೆ ಪುಟದ ಪರಿಚಯವಾಗುತ್ತದೆ, ಆ ಪರಿಚಯವನ್ನೇ ಮಕ್ಕಳು ‘ಬಂತು’ ಅಂದುಕೊಳ್ಳುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ವಾರ ಕಳೆದು ಕೇಳಿದರೆ ಓದಿದ್ದರಲ್ಲಿ ಶೇ 42, ಬರೆದಿದ್ದರಲ್ಲಿ ಶೇ 56 ಉಳಿದಿತ್ತು.

ಇದನ್ನು ನಾನು ತಡವಾಗಿ ತಿಳಿದೆ. ತಪ್ಪಿದ ಉತ್ತರವನ್ನು ನೋಡಿಕೊಂಡು ಹತ್ತು ಸಲ ಬರೆಯಿರಿ ಎಂದು ಎಷ್ಟು ಮಕ್ಕಳ ಸಂಜೆ ಹಾಳು ಮಾಡಿದೆನೋ, ನೆನೆದರೆ ಸಂಕಟವಾಗುತ್ತದೆ. ನಮ್ಮ ಅವ್ವ ಓದಿದವಳಲ್ಲ. ಆದರೂ ದೀಪ ಹಚ್ಚಿದ ಮೇಲೆ ಪುಸ್ತಕ ಕಿತ್ತಿಟ್ಟು ಮಗ್ಗಿ ಹೇಳಿಸುತ್ತಿದ್ದಳು, ಹೋದ ವಾರದ್ದನ್ನೂ ಬಿಡದೆ ಕೇಳುತ್ತಿದ್ದಳು. ಅದು ಇವತ್ತಿಗೂ ಮರೆತಿಲ್ಲ.

ಈಗ ಜಗುಲಿಯಲ್ಲಿ ಅದನ್ನೇ ಮಾಡಿಸುತ್ತಿದ್ದೇನೆ. ಒಮ್ಮೆ ಅರ್ಥ ಮಾಡಿಕೊಂಡು ಓದುವುದು, ಪುಸ್ತಕ ಮುಚ್ಚಿ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯುವುದು, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ತಾವೇ ಸೇರಿಸುವುದು. ಅದೇ ಪಾಠ ಮೂರನೇ ದಿನ, ಮತ್ತೆ ಮುಂದಿನ ವಾರ. ಮಂಡಳಿಯ ಜಾಲತಾಣದ ಮಾದರಿ ಪ್ರಶ್ನೆಪತ್ರಿಕೆಯನ್ನು ಪಕ್ಕದಲ್ಲಿ ಉತ್ತರ ಇಟ್ಟುಕೊಂಡು ನೋಡಿದರೆ ಏನೂ ಬರುವುದಿಲ್ಲ. ಭಾನುವಾರ ಗಡಿಯಾರ ಇಟ್ಟು ಮೂರೂಕಾಲು ಗಂಟೆ ಕೂರಿಸುತ್ತೇನೆ, ಮೊದಲ 15 ನಿಮಿಷ ಪ್ರಶ್ನೆ ಓದಲಿಕ್ಕೇ.

ತಂದೆತಾಯಂದಿರಲ್ಲಿ ಒಂದು ಮಾತು: ರಾತ್ರಿ ಹನ್ನೊಂದಕ್ಕೆ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸಬೇಡಿ. ಓದಿದ್ದು ನಿಲ್ಲುವುದಕ್ಕೆ ನಿದ್ದೆ ಬೇಕು.

ಜಿಲ್ಲೆಯ ಮುಖ್ಯಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಸಂಜೆಯ ವಿಶೇಷ ತರಗತಿಯಲ್ಲಿ ಮೊದಲ 20 ನಿಮಿಷ ಪುಸ್ತಕ ಚೀಲದಲ್ಲೇ ಇರಲಿ, ನಿನ್ನೆಯ ಪಾಠವನ್ನು ಮಕ್ಕಳು ನೆನಪಿನಿಂದ ಬರೆಯಲಿ. ಅದಕ್ಕೆ ಅಂಕ ಬೇಡ, ಬೈಗುಳವೂ ಬೇಡ. ನಮ್ಮ ಮನೆಗೆ ಹತ್ತಿರದ ಶಾಲೆಯವರು ಕರೆದರೆ ನಾನೇ ಬಂದು ಮಕ್ಕಳ ಜೊತೆ ಕೂರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಮಂಡ್ಯ