ಕಡಲು ಸೇರುವ ನೀರು ಪೋಲಲ್ಲ

ಮಾನ್ಯರೇ,

ಸಕಲೇಶಪುರದ ಕೆಂಪುಹೊಳೆ, ಎತ್ತಿನಹೊಳೆಗಳ ನೀರು ಸುಮ್ಮನೆ ಸಮುದ್ರದ ಪಾಲಾಗುತ್ತಿದೆ ಎಂಬ ಮಾತು ಹಾಸನ ಜಿಲ್ಲೆಯಲ್ಲಿ ಪದೇ ಪದೇ ಕೇಳಿಬರುತ್ತದೆ. ಇದು ತಪ್ಪು. ಈ ನೀರು ಕುಮಾರಧಾರಾ, ನೇತ್ರಾವತಿ ಮೂಲಕ ಮಂಗಳೂರಿನ ಅಳಿವೆ (ಹೊಳೆ ಕಡಲಿಗೆ ಕೂಡುವ ಜಾಗ) ಸೇರುತ್ತದೆ. ತೆರೆದ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಮಳೆಗಾಲದ ಅಳಿವೆಯಲ್ಲಿ ಅದು ತೀರಾ ಇಳಿಯುತ್ತದೆ. ಹಲವು ಜಾತಿಯ ಸಿಗಡಿ ಮರಿಗಳು ಬೆಳೆಯುವುದೇ ಸಿಹಿನೀರು ಬೆರೆತ ಇಂಥ ಜಾಗದಲ್ಲಿ. ಬೂತಾಯಿ ಮೀನಿನ ಮೇವಾದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗೆ ಸಿಲಿಕೇಟ್ ಎಂಬ ಖನಿಜಾಂಶ ಬೇಕೇ ಬೇಕು. ಅದನ್ನು ಹೊತ್ತೊಯ್ಯುವುದರಲ್ಲಿ ಹೊಳೆಗಳ ಪಾಲು ದೊಡ್ಡದು.

ಬಿಸಿಯೂ ಮುಖ್ಯ. ಕಡಲ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ 6.2 ಮಾತ್ರ. ಆಮ್ಲಜನಕ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಜಾಗ ಖಾಲಿ ಮಾಡುತ್ತವೆ. ಓಡಲಾಗದ ಕಪ್ಪೆಚಿಪ್ಪಿನಂಥವು ಸಾಯುತ್ತವೆ.

ಈ ಹೊಳೆಗಳ ನೀರನ್ನು ಬೇರೆಡೆಗೆ ತಿರುಗಿಸುವವರು ಅಳಿವೆಯಲ್ಲಿ ಉಪ್ಪು, ಉಷ್ಣಾಂಶ, ಆಮ್ಲಜನಕವನ್ನು ಉಬ್ಬರ, ಇಳಿತ ಎರಡರಲ್ಲೂ ಅಳೆಯಬೇಕು. ಹಗುರವಾದ ಹೊಳೆನೀರು ಮೇಲೆ ನಿಲ್ಲುವುದರಿಂದ ತಳದ ಮಾದರಿಯನ್ನು ಬೇರೆಯಾಗಿಯೇ ತೆಗೆಯಬೇಕು. ಬಾಟಲಿಯಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಆಮ್ಲಜನಕದ ಲೆಕ್ಕ ತಪ್ಪುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನದ ರಾಸಾಯನಿಕಗಳನ್ನು ದೋಣಿಯಲ್ಲೇ ಹಾಕಿ ಮುಚ್ಚಬೇಕು. ಆ ಅಂಕಿಗಳು ಹಾಸನದ ಜನರಿಗೂ ಸಿಗಲಿ.

– ಜೀವವಿಜ್ಞಾನ ಉಪನ್ಯಾಸಕರು, ಹಾಸನ